ಸಾಕ್ಷಿಯ ಹೆಬ್ಬೆಟ್ಟು

ಶಾಯಿ ಪ್ಯಾಡಿನ ವಾಸನೆ ಬಂದರೆ ಈಗಲೂ ನನ್ನ ಹೆಬ್ಬೆರಳು ಮಡಚಿಕೊಳ್ಳುತ್ತದೆ.

ಪಟ್ಟಾಳದ ಸಿಪಾಯಿ ಕೆಲಸ ಮುಗಿಸಿ ಊರಿಗೆ ಬಂದಿದ್ದ ಅಪ್ಪನನ್ನು ಮೀಸಲು ಪಟ್ಟಿಯಲ್ಲಿ ಹೆಸರಿದೆಯೆಂದು ಯುದ್ಧಕ್ಕೆ ಮತ್ತೆ ಕರೆದರು. ಅಪ್ಪ ಅಲ್ಲೇ ತೀರಿಹೋದರು. ಬಳಿಕ ಒಂದು ಮಧ್ಯಾಹ್ನ ಕುಂಬಳೆಯ ಕಚೇರಿಯಲ್ಲಿ ಅಮ್ಮ ಪಿಂಚಣಿಯ ಅರ್ಜಿಗೆಂದು ಹೆಬ್ಬೆರಳಿಗೆ ಶಾಯಿ ಹಚ್ಚಿಕೊಂಡು ನಿಂತಿದ್ದಳು. ಪಟ್ಟಾಳಕ್ಕೆ ಸೇರುವಾಗ ಅಪ್ಪ ಬರೆಸಿದ್ದ ಹಳೆಯ ಕಾಗದವನ್ನು ಗುಮಾಸ್ತರು ಓದಿದರು.

“ವಾರಸುದಾರ ಅಂತ ಅಕ್ಕನ ಮಗನ ಹೆಸರುಂಟು. ನಿನ್ನದಿಲ್ಲ.”

“ನಮ್ಮದು ಅಳಿಯಕಟ್ಟು ಅಲ್ವಾ, ಆಸ್ತಿಯೆಲ್ಲ ಅಕ್ಕತಂಗಿಯರ ಮಕ್ಕಳಿಗೆ,” ಎಂದಳು ಅಮ್ಮ. “ವಾರಸು ಯಾರು ಅಂತ ಕೇಳಿದ್ರೆ ಗಂಡಸರು ಹಾಗೇ ಹೇಳುವುದು. ಪಿಂಚಣಿಗೆ ಅಂತ ಅವರಿಗೆ ಗೊತ್ತಿರ್ಲಿಲ್ಲ.”

ಆ ಮಗನನ್ನು ಕರೆತಂದಿದ್ದ ಅತ್ತೆ, ಅಪ್ಪನ ಅಕ್ಕ, ಬಾಯಿಯ ಎಲೆಯಡಿಕೆ ಉಗಿದು ಬಂದಳು. “ಹೇಗೂ ಶಾಯಿ ಆಯ್ತಲ್ಲ ಮಾರಾಯ್ತಿ, ಇವನ ಅರ್ಜಿಗೆ ಸಾಕ್ಷಿ ಒತ್ತಿಬಿಡು.”

ಅಮ್ಮ ಒತ್ತಿದಳು. ಗೆರೆಗಳೆಲ್ಲ ಚೆನ್ನಾಗಿ ಮೂಡಿವೆಯೆಂದು ಗುಮಾಸ್ತರು ಮೆಚ್ಚಿಕೊಂಡರು.