ಅರ್ಧ ಉಸಿರು

ನಿರ್ದೇಶಕರ ಕೈಯ ಕೋಲು ಗಾಳಿಯಲ್ಲೇ ನಿಂತಿತು. ಅರವತ್ತು ಮಂದಿಯ ವಾದ್ಯವೃಂದ ಒಂದೊಂದು ಕಡೆಯಿಂದ ದನಿ ಅಡಗಿಸಿತು. ಕೊನೆಗೆ ಉಳಿದದ್ದು ಪಿಯಾನೋದ ಒಂದೇ ಒಂದು ತಗ್ಗಿನ ಸ್ವರ, ಬಸ್ಸು ತಪ್ಪಿಸಿಕೊಂಡವರ ಹಾಗೆ.

"ಮತ್ತೆ ಅದೇ ಜಾಗ," ಎಂದರು ನಿರ್ದೇಶಕರು. ದನಿಯಲ್ಲಿ ಸಿಟ್ಟಿರಲಿಲ್ಲ, ಭಯವಾಗುತ್ತಿದ್ದುದು ಅದಕ್ಕೇ. "ಮೇಲಿನ ತನಕ ಚೆನ್ನಾಗೇ ಹತ್ತಿ ಹೋಗ್ತೀರಿ. ನಾವೆಲ್ಲ ಒಟ್ಟಿಗೆ ಇಳಿಯೋ ಹೊತ್ತಿಗೆ ನೀವು ನಿಂತುಬಿಡ್ತೀರಿ. ಅಲ್ಲಮ್ಮ, ಯಾರಿಗೆ ಕಾಯ್ತಾ ಇದ್ದೀರಿ?"

"ಗೊತ್ತಿಲ್ಲ ಸರ್," ಎಂದಳು ಪಿಯಾನೋದ ಮುಂದೆ ಕೂತವಳು.

"ಹೋದ ವಾರವೂ ಹೀಗೇ ಆಯ್ತು. ಸಂಜೆ ಕಾರ್ಯಕ್ರಮದಲ್ಲಿ ಇನ್ನೊಂದು ಸಲ ಆದ್ರೆ ಮುಂದೆ ನುಡಿಸಲಿರೋ ಎಂಟು ಊರಿಗೆ ನಾನು ಬೇರೆಯವರನ್ನ ಕರೀಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ."

ಖಾಲಿ ಸಭಾಂಗಣದ ಮೂರನೇ ಸಾಲಿನಲ್ಲಿ, ಅವಳ ಕೋಟನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ ಗಂಡ ತಟ್ಟನೆ ತಲೆಯೆತ್ತಿದ. ಅವಳು ಯಾರಿಗೆ ಕಾಯುತ್ತಿದ್ದಾಳೆಂದು ಅವನಿಗೆ ಆ ಕ್ಷಣ ಹೊಳೆದುಬಿಟ್ಟಿತ್ತು.

ಅವರ ಮನೆಯ ಮುಂದಿನ ಕೋಣೆಯಲ್ಲಿ ಎರಡು ಪಿಯಾನೋಗಳು. ಕಿಟಕಿಯ ಕಡೆಯದು ಅವಳದು, ಗೋಡೆಗೆ ಒರಗಿದ ಹಳೆಯದು ಅವನದು. ಅವಳು ತನ್ನ ಪಾಲು ನುಡಿಸಿದರೆ, ಸಂಗೀತ ಶಾಲೆಯ ಮೇಷ್ಟರಾದ ಅವನು ಇಡೀ ವಾದ್ಯವೃಂದದ ಪಾಲನ್ನು ಹತ್ತು ಬೆರಳಲ್ಲಿ ನುಡಿಸುತ್ತಿದ್ದ. "ಅರವತ್ತು ಜನರ ಕೆಲಸ ಇವರೊಬ್ಬರೇ ಮಾಡ್ತಾರೆ, ಊಟಾನೂ ಅಷ್ಟೇ" ಎಂದು ಅವಳು ಬಂದವರ ಮುಂದೆ ಆಡಿಕೊಳ್ಳುವುದಿತ್ತು. ಈ ಕೃತಿಯನ್ನಂತೂ ಅವರು ಮದುವೆಯಾದ ವರ್ಷದಿಂದ, ಇಪ್ಪತ್ತೆರಡು ವರ್ಷ, ಬರೀ ಖುಷಿಗೆಂದು ನುಡಿಸಿಕೊಂಡು ಬಂದಿದ್ದರು. ಮನೆಯಿಂದ ಆಚೆ, ನಿಜವಾದ ವಾದ್ಯವೃಂದದ ಜೊತೆ ಅದನ್ನು ನುಡಿಸುವ ಕರೆ ಅವಳಿಗೆ ಬಂದದ್ದು ಈ ವರ್ಷ.

ಊಟದ ಬಿಡುವಿನಲ್ಲಿ ಅವನು ವೇದಿಕೆಯ ಹಿಂದೆ ಅವಳಿಗೆ ಕೊಟ್ಟಿದ್ದ ಕೋಣೆಯ ಬಾಗಿಲು ತಳ್ಳಿದ. ಬೆರಳು ಬಿಗಿಯಬಾರದೆಂದು ಅವಳು ಎರಡೂ ಕೈಯನ್ನು ಬಿಸಿನೀರಿನ ಬೋಗುಣಿಯಲ್ಲಿ ಅದ್ದಿ ಕೂತಿದ್ದಳು. ನೀರಿನೊಳಗೆ ಆ ಕೈಗಳು ನಿದ್ದೆ ಹೋದಂತೆ ಕಾಣುತ್ತಿದ್ದವು.

"ಅದು ನನ್ನ ಹಾಳೆ ಕಣೇ," ಎಂದ.

"ಯಾವ ಹಾಳೆ?"

"ನನ್ನ ಪುಸ್ತಕದ ಮೂವತ್ತೊಂದನೇ ಪುಟ. ನೀನು ಮೇಲೆ ಹತ್ತಿ ಮುಗಿಸೋದಕ್ಕೂ ನಾನು ಹಾಳೆ ಮಗುಚೋದಕ್ಕೂ ಸರಿಹೋಗುತ್ತೆ. ಅರ್ಧ ಉಸಿರು ತಡ ಆಗುತ್ತೆ ನಂಗೆ. ನೀನು ಕಾಯ್ತೀಯ. ಕಾದೂ ಕಾದೂ, ಸಂಗೀತ ಇರೋದೇ ಹಾಗೆ ಅಂದ್ಕೊಂಡುಬಿಟ್ಟಿದ್ದೀಯ."

ಅವಳು ನೀರಿನೊಳಗೇ ಬೆರಳುಗಳನ್ನು ಒಮ್ಮೆ ಮಡಚಿ ಬಿಡಿಸಿದಳು. ಆಮೇಲೆ ನಕ್ಕಳು. ನಗು ಪೂರ್ತಿಯಾಗಲಿಲ್ಲ.

"ಹೇಳಬಾರದಿತ್ತು ರೀ. ಇನ್ನು ಅಲ್ಲಿಗೆ ಬಂದ್ರೆ, ನೀವು ನಾಲಿಗೆಗೆ ಬೆರಳು ಒತ್ಕೊಂಡು ಹಾಳೆ ತಡಕೋದೇ ಕಣ್ಣಿಗೆ ಕಟ್ಟುತ್ತೆ."

"ನನ್ನನ್ನ ಮರೆತುಬಿಡು. ಅರ್ಧ ಉಸಿರು ತಾನೇ?"

"ಅದೇನು ಛತ್ರೀನಾ, ಮರೆತು ಬರೋಕೆ?" ಎಂದವಳು, ಬೋಗುಣಿಯಿಂದ ಕೈ ತೆಗೆದು ಟವೆಲ್ಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡಳು. "ಇವತ್ತು ಮೂರನೇ ಸಾಲಲ್ಲಿ ಕೂರಬೇಡಿ. ನನ್ನ ಕಣ್ಣಿಗೆ ಬೀಳದ ಕಡೆ ಎಲ್ಲಾದ್ರೂ ಇರಿ."

ಸಂಜೆ ಅವನು ಕಟ್ಟಕಡೆಯ ಸಾಲಿನಲ್ಲಿ, ಒಬ್ಬ ಅಜ್ಜಿಯ ಪಕ್ಕದಲ್ಲಿ ಕೂತ. ದೀಪಗಳು ಒಂದೊಂದಾಗಿ ಕಣ್ಣು ಮುಚ್ಚಿದವು. ಅಷ್ಟು ದೂರದಿಂದ ಪಿಯಾನೋ ಕಪ್ಪು ಕೊಳದಂತಿತ್ತು, ಅವಳು ದಂಡೆಯಲ್ಲಿ ಕೂತು ನೀರಲ್ಲಿ ಕೈಯಾಡಿಸುತ್ತಿರುವ ಹುಡುಗಿಯಂತೆ. ಎರಡನೆಯ, ನಿಧಾನದ ಭಾಗ ಶುರುವಾದಾಗ ಸಭಾಂಗಣವೇ ನೆಲ ಬಿಟ್ಟು ಒಂದು ಗೇಣು ತೇಲಿದಂತಾಯಿತು. ಅವನ ಬೆರಳುಗಳು ತಮ್ಮಷ್ಟಕ್ಕೆ ತೊಡೆಯ ಮೇಲೆ ಓಡಾಡತೊಡಗಿದವು. ಪಿಟೀಲುಗಳು ಬಲಗೈಗೆ ಬಂದವು, ಕೊಳಲುಗಳು ಕಿರುಬೆರಳಿಗೆ. ಅವನೀಗ ಕಡೆಯ ಸಾಲಿನಲ್ಲಿರಲಿಲ್ಲ. ಗೋಡೆ ಕಡೆಯ ಹಳೆಯ ಪಿಯಾನೋದ ಮುಂದಿದ್ದ, ಕಿಟಕಿಯ ಬಿಸಿಲು ಅವಳ ಭುಜದ ಮೇಲಿತ್ತು.

ಆ ಜಾಗ ಹತ್ತಿರ ಬಂತು. ಕಾಯಬೇಡ, ಕಾಯಬೇಡ ಎಂದು ಅವನು ಒಳಗೊಳಗೇ ಬೇಡಿಕೊಂಡ. ಬೇಡಿಕೊಳ್ಳುತ್ತಿರುವಾಗಲೇ, ಹಾಳಾದ್ದು, ಕಾದರೆ ಕಾಯಲಿ ಎಂದೂ ಅನ್ನಿಸಿ ನಾಚಿಕೆಯಾಯಿತು.

ಅವಳು ಹತ್ತಿದಳು. ಮೆಟ್ಟಿಲ ಮೇಲೆ ಮೆಟ್ಟಿಲು, ತುದಿಯ ಸ್ವರದ ತನಕ. ನಿರ್ದೇಶಕರ ಕೋಲು ಮೇಲೇರಿತು.

ಇಳಿದರು. ಅರವತ್ತು ಮಂದಿಯೂ ಅವಳೂ ಒಟ್ಟಿಗೆ, ಹಿಂಡು ಹಕ್ಕಿ ಒಂದೇ ಕೊಂಬೆಗೆ ಇಳಿದ ಹಾಗೆ, ಒಂದು ಎಲೆಯೂ ಅಲುಗದಂತೆ. ನಿರ್ದೇಶಕರು ಅವಳ ಕಡೆ ತಿರುಗಿ ತಲೆದೂಗಿದ್ದು ಕಡೆಯ ಸಾಲಿಗೂ ಕಾಣಿಸಿತು. ಎಂಟು ಊರುಗಳೂ ಅವಳಿಗೆ ಉಳಿದವು.

ಅವನ ಎಡಗೈ ಮಾತ್ರ ತೊಡೆಯಿಂದ ಎದ್ದು ಕತ್ತಲಲ್ಲಿ ಹಾಳೆಯ ಮೂಲೆಯನ್ನು ಹುಡುಕುತ್ತಿತ್ತು.

ಪಕ್ಕದ ಅಜ್ಜಿ ಬಗ್ಗಿ ಪಿಸುಗುಟ್ಟಿದಳು. "ಏನಾದ್ರೂ ಬೀಳಿಸಿಕೊಂಡ್ಯೇನಪ್ಪಾ?"

"ಇಲ್ಲಮ್ಮ," ಎಂದ ಅವನು. "ಒಬ್ಬರ ಜೊತೆ ಬರ್ತಾ ಇದ್ದೆ. ಅವರು ಮುಂದೆ ಹೋದ್ರು."