ನೂರು ಕೈ ಬೇಕು

ಡಂಗುರದವನು ಊರೆಲ್ಲ ಸಾರಿದ್ದು ಒಂದೇ ಮಾತು: "ಹೊಳಿದಂಡಿ ಹೊಸ ಮಿಲ್ಲಿಗೆ ನೂರು ಕೈ ಬೇಕಾಗ್ಯಾವ್ರಪೋ."

ಅದನ್ನು ಕೇಳಿದಾಗಿನಿಂದ ಕಲ್ಲವ್ವನಿಗೆ ಅನ್ನ ಇಳಿದಿರಲಿಲ್ಲ. ರಕ್ತದ ರುಚಿ ಕಾಣದೆ ಯಂತ್ರ ತಿರುಗುವುದಿಲ್ಲವೆಂದು ಬಾವಿಕಟ್ಟೆಯ ಹೆಂಗಸರು ಪಿಸುಗುಡುತ್ತಿದ್ದರು. ಆದರೆ ಮುಂಬೈ ಮಿಲ್ಲಿನ ಸೀರೆ ಸಂತೆಗೆ ಬಂದಮೇಲೆ ಅವಳ ಗಂಡನ ಕೈಮಗ್ಗ ನಿಂತುಹೋಗಿತ್ತು. ಅವನು ಹೊರಟೇಬಿಟ್ಟ. ಅವನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಅವಳೂ ಮಿಲ್ಲಿನ ಬಾಗಿಲವರೆಗೆ ಹೋದಳು.

ಮೇಜಿನ ಹಿಂದೆ ಗುಮಾಸ್ತ ಶಾಲು ಹೊದ್ದು ಕೂತಿದ್ದ.

"ಯಪ್ಪಾ, ನಮ್ಮ ಮನಿಯವರ ಕೈ ಬಿಟ್ಟುಬಿಡ್ರಿ," ಎಂದಳು. "ನೇಯೋ ಕೈ ಅದು. ಬೇಕಾದ್ರ ನಂದು ತಗೋರಿ."

ಗುಮಾಸ್ತನಿಗೆ ನಗು ತಡೆಯಲಾಗಲಿಲ್ಲ. "ಹುಚ್ಚಿ ಇದ್ದೀಯೇನವ್ವ. ಕೈ ಅಂದ್ರ ಆಳು. ಸಾಹೇಬ್ರ ಭಾಷಾದಾಗ ಆಳಿಗೆ ಹಂಗ ಅಂತಾರ. ನಾನೂ ಮುಂಬೈ ಮಿಲ್ಲಿನ್ಯಾಗ ಮೊದಲಿಗೆ ಕೈ ಅಂತನ ಸೇರಿದ್ದೆ."

ಕಲ್ಲವ್ವ ನಾಚಿಕೊಂಡು ಗಂಡನ ಕೈ ಬಿಟ್ಟಳು.

ಹೆಸರು ಬರೆದುಕೊಳ್ಳಲು ಗುಮಾಸ್ತ ಎಡಗೈಯಿಂದ ಲೇಖನಿ ಎತ್ತಿಕೊಂಡಾಗ ಹೆಗಲ ಶಾಲು ಜಾರಿತು. ಅಂಗಿಯ ಬಲತೋಳು ಖಾಲಿಯಾಗಿ ಜೋತಾಡುತ್ತಿತ್ತು.