ಬಿಳಿ ಬಿಲ್ಲೆ

“ನೀಲಿ ಜಾಸ್ತಿ ಬಂದಿದೆ ಬೈರಣ್ಣ. ಇದೂ ಫೇಲು,” ಎಂದು ಅಕ್ಷತ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಹೇಳಿದಾಗ, ಬೈರಣ್ಣ ಕೈಯಲ್ಲಿದ್ದ ಕೆನೆಬಣ್ಣದ ನೂಲಿನ ಲಡಿಯನ್ನು ಮೇಜಿನ ಮೇಲೆ ಕುಕ್ಕಿದ.

“ನೀಲಿ ಹಾಕಿದ್ರೆ ತಾನೆ ಜಾಸ್ತಿ ಆಗೋಕೆ? ಇದಕ್ಕೆ ಹಳದಿ, ಚೂರು ಕೆಂಪು, ಅಷ್ಟೇ ಕಣಮ್ಮ. ನೀಲಿ ಡಬ್ಬದ ಮುಚ್ಚಳಾನೂ ತೆಗ್ದಿಲ್ಲ ನಾನು!”

“ನಾನೇನ್ ಮಾಡ್ಲಿ? ಬಣ್ಣ ಅಳೆಯೋ ಮಿಷನ್ ಹಂಗೆ ಹೇಳ್ತಿದೆ.”

ಮಿಷನ್ ಹೇಳುತ್ತಿದೆಯೋ, ಇವಳೇ ಹೇಳಿಸುತ್ತಿದ್ದಾಳೋ? ದೊಡ್ಡಬಳ್ಳಾಪುರದ ಈ ನೂಲಿನ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಬಣ್ಣದ ಮೇಸ್ತ್ರಿಯಾಗಿದ್ದವನಿಗೆ ಹತ್ತು ದಿನದಲ್ಲಿ ಇದು ಐದನೆಯ ಫೇಲು. ಇನ್ನೊಂದು ಸಲ ಹೀಗಾದರೆ ಬೇರೆ ಮೇಸ್ತ್ರಿಯನ್ನು ನೋಡಿಕೊಳ್ಳುತ್ತೇನೆ ಎಂದು ಮಾಲೀಕ ವೇಣುಗೋಪಾಲ್ ನಿನ್ನೆಯಷ್ಟೇ ಹೇಳಿದ್ದರು. ಲ್ಯಾಬಿಗೆ ಅಕ್ಷತ ಸೇರಿ ಮೂರು ತಿಂಗಳು. ಅವಳ ಚಿಕ್ಕಪ್ಪನೊಬ್ಬ ನೆಲಮಂಗಲದ ಕಡೆ ಇಂಥದೇ ಕಾರ್ಖಾನೆಯಲ್ಲಿ ಬಣ್ಣ ಹಾಕುತ್ತಾನಂತೆ. ಬೈರಣ್ಣನಿಗೆ ಅಷ್ಟೇ ಸಾಕಾಯಿತು. ಆ ಚಿಕ್ಕಪ್ಪನ ಮುಖವನ್ನೇ ಅವನು ಕಂಡಿರಲಿಲ್ಲ, ಆದರೂ ತನ್ನ ಜಾಗದಲ್ಲಿ ಅವನು ಎಲೆ ಅಡಿಕೆ ಅಗಿಯುತ್ತ ಕೂತಿರುವುದು ಕಣ್ಣಿಗೆ ಕಟ್ಟಿತ್ತು. ವಾರವಿಡೀ ಮಾಲೀಕರ ಕಿವಿ ಊದಿದ್ದ: ಹುಡುಗಿ ಮಿಷನ್ನಿಗೆ ಏನೋ ಮಾಡುತ್ತಿದ್ದಾಳೆ.

ಅಷ್ಟರಲ್ಲಿ ವೇಣುಗೋಪಾಲ್ ಅವರೇ ಲ್ಯಾಬಿಗೆ ಬಂದರು. ಬೈರಣ್ಣನಿಗೆ ಆನೆ ಬಲ ಬಂತು.

“ಸಾರ್, ನಮ್ಮೆದುರಿಗೇ ಶುರುವಿಂದ ಮಾಡಿ ತೋರಿಸ್ಲಿ. ಅದೇನ್ ಕೈಚಳಕ ಮಾಡ್ತಾಳೋ ನೋಡೇಬಿಡಾನ.”

ಅಕ್ಷತಳ ಕಣ್ಣು ತುಂಬಿತು. ಆದರೂ ಬಿಳಿ ಕೈಗವಸು ಹಾಕಿಕೊಂಡು ಕಪಾಟಿನಿಂದ ಒಂದು ಪುಟ್ಟ ಪೆಟ್ಟಿಗೆ ತೆಗೆದಳು. ಒಳಗೆ ಮಖಮಲ್ಲಿನ ಮೇಲೆ ಅಂಗೈಯಗಲದ ಬಿಳಿ ಬಿಲ್ಲೆ.

“ದಿನಾ ಬೆಳಿಗ್ಗೆ ಮೊದ್ಲು ಇದನ್ನ ಮಿಷನ್‌ಗೆ ತೋರಿಸ್ಬೇಕು ಸಾರ್. ಇದೇ ಬಿಳಿ ಅಂತ ಅದು ನಂಬ್ಕೊಳ್ಳುತ್ತೆ, ಆಮೇಲೆ ಇದಕ್ಕೆ ಹೋಲಿಸಿ ಬೇರೆ ಬಣ್ಣ ಅಳೆಯುತ್ತೆ. ಬೆಳಕಿಗೆ, ಬಣ್ಣಕ್ಕೆ ಎಲ್ಲಾ ದೇಶದೋರೂ ಸೇರಿ ಒಂದೇ ಅಳತೆ ಮಾಡ್ಕೊಂಡಿದಾರೆ. ಈ ಬಿಲ್ಲೆ ಆ ಅಳತೇದು. ನಮ್ಮ ಕೆನೆಬಣ್ಣಾನೂ ಫಾರಿನ್ನಲ್ಲಿ ನೂಲು ತಗೊಳ್ಳೋರ ಕೆನೆಬಣ್ಣಾನೂ ಒಂದೇ ಅಂತ ಗೊತ್ತಾಗೋದೇ ಇದ್ರಿಂದ. ಬರಿಗೈಲಿ ಮುಟ್ಟಂಗಿಲ್ಲ.”

ಬೈರಣ್ಣ ತನ್ನ ಬೆರಳುಗಳನ್ನು ನೋಡಿಕೊಂಡ. ಅವನು ಮುಟ್ಟಿದ್ದ. ಹತ್ತು ದಿನದ ಹಿಂದೆ, ಆಯುಧಪೂಜೆಯ ದಿನ, ಅಕ್ಷತ ರಜೆ. ಬಾಯ್ಲರಿಗೆ, ತಕ್ಕಡಿಗೆ, ಮಾಲೀಕರ ಕಾರಿಗೆ, ಕೊನೆಗೆ ಪೊರಕೆಗೂ ಅರಿಶಿನ ಕುಂಕುಮ ಬಿದ್ದಿತ್ತು. ಲ್ಯಾಬಿನ ಮಿಷನ್ನಿನ ಮೇಲೆ ಮಾತ್ರ ‘ಏನೂ ಹಚ್ಚಬೇಡಿ’ ಎಂದು ಚೀಟಿ. ಹಬ್ಬದ ದಿನ ಅದೊಂದನ್ನೇ ಬೋಳು ಬಿಡಲು ಬೈರಣ್ಣನಿಗೆ ಮನಸ್ಸು ಬರಲಿಲ್ಲ. ಆ ಹುಡುಗಿ ದಿನಾ ಎರಡು ಕೈಯಲ್ಲಿ ಎತ್ತಿ, ಯಾರಿಗೂ ಮುಟ್ಟಗೊಡದೆ ಕಾಪಾಡುವ ಈ ಪೆಟ್ಟಿಗೆ ನೆನಪಾಯಿತು. ಮಿಷನ್ನಿನ ದೇವರು ಇರಬೇಕೆಂದುಕೊಂಡು ಬಿಲ್ಲೆಗೆ ಒಂದು ಬೊಟ್ಟು ಅರಿಶಿನ ಇಟ್ಟ. ನನ್ನ ಬಣ್ಣ ಕೆಡದಂಗೆ ನೋಡ್ಕೊಳ್ಳಪ್ಪಾ ಎಂದು ಕೈಮುಗಿದು, ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಪೆಟ್ಟಿಗೆ ಮುಚ್ಚಿದ್ದ.

ಅಕ್ಷತ ಬಿಲ್ಲೆಯನ್ನು ಮಿಷನ್ನಿಗೆ ತೋರಿಸಿ ಆಮೇಲೆ ಲಡಿ ಇಟ್ಟಳು. ಮತ್ತೆ ಅದೇ, ನೀಲಿ ಜಾಸ್ತಿ.

“ನೀಲಿ ಡಬ್ಬದ ಸೀಲೇ ಒಡೆದಿಲ್ಲ, ನಾನೇ ಸ್ಟೋರಲ್ಲಿ ನೋಡ್ಕೊಂಡು ಬಂದೆ. ಮತ್ತೆ ನೀಲಿ ಎಲ್ಲಿಂದ ಬಂತಮ್ಮ?” ಎಂದರು ವೇಣುಗೋಪಾಲ್. ದನಿ ತಣ್ಣಗಿತ್ತು.

ಬೈರಣ್ಣ ಬಿಲ್ಲೆಯನ್ನು ಎತ್ತಿಕೊಂಡು ಕಿಟಕಿಯ ಬಿಸಿಲಿಗೆ ಹಿಡಿದ. ಇತ್ತು. ಹಾಲಿಗೆ ಅರಿಶಿನ ತಾಕಿದಷ್ಟು ತೆಳ್ಳಗೆ ಹಳದಿ. ಹಳದಿಯನ್ನೇ ಬಿಳಿ ಎಂದು ನಂಬಿದ ಮಿಷನ್ನಿಗೆ ಬೇರೆಯದೆಲ್ಲ ನೀಲಿಯಾಗಿ ಕಾಣದೆ ಇನ್ನೇನು? ಬಾಯಿ ಮುಚ್ಚಿಕೊಂಡಿದ್ದರೆ ಅವನ ಕೆಲಸ ಉಳಿಯುತ್ತಿತ್ತು. ಆದರೆ ಹುಡುಗಿಯ ಮುಖ ನೋಡಿ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

“ಸಾರ್, ತಪ್ಪು ನಂದು. ಹಬ್ಬದ ದಿನ ಇದಕ್ಕೆ ಅರಿಶಿನ ಇಟ್ಬಿಟ್ಟೆ. ಈ ಹುಡುಗಿದು ಏನೂ ಇಲ್ಲ.”

ವೇಣುಗೋಪಾಲ್ ಇಬ್ಬರ ಮುಖವನ್ನೂ ಬದಲಿಸಿ ಬದಲಿಸಿ ನೋಡಿದರು. “ನಿನ್ನೆ ತನಕ ಕಳ್ಳಿ ಕಳ್ಳಿ ಅಂದೋನು, ಈಗ ಎರಡು ಹನಿ ಕಣ್ಣೀರಿಗೆ ಕರಗಿ ನಿನ್ನ ಮೇಲೇ ಹಾಕ್ಕೋತೀಯಾ?” ಬಿಲ್ಲೆಯನ್ನು ಕಿತ್ತುಕೊಂಡು ಬೆಳಕಿಗೆ ತಿರುಗಿಸಿದರು. “ಎಲ್ಲಯ್ಯಾ ಅರಿಶಿನ? ಬೆಳ್ಳಗಿದೆಯಲ್ಲ.”

“ಇದೆ ಸಾರ್, ತೆಳ್ಳಗೆ. ನನ್ ಕಣ್ಣಿಗೆ ಕಾಣ್ತಿದೆ.”

“ಕಣ್ಣಿನ ಮಾತು ಬೇಡ ಅಂತಾನೇ ಇಷ್ಟು ದೊಡ್ಡ ಮಿಷನ್ ತಂದಿರೋದು. ಇಡಮ್ಮ ಇದನ್ನ, ಅದೇ ಹೇಳ್ಲಿ.”

“ಸಾರ್, ಇದೇ ಬಿಳಿ ಅಂತ ಈಗ ತಾನೆ ಅದಕ್ಕೆ ತೋರಿಸಿದೀವಿ. ಅದು ಬೇರೆ ಏನ್ ಹೇಳುತ್ತೆ...” ಎಂದಳು ಅಕ್ಷತ.

“ಇಡು ಅಂದೆ.”

ಅವಳು ಇಟ್ಟಳು. ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ಬಂತು: ವ್ಯತ್ಯಾಸ ಸೊನ್ನೆ.

“ನೋಡಿದ್ಯಾ? ಇದಕ್ಕಿಂತ ಬಿಳಿ ಪ್ರಪಂಚದಲ್ಲೇ ಇಲ್ವಂತೆ,” ಎಂದು ಮಾಲೀಕರು ಬೈರಣ್ಣನ ಬೆನ್ನು ತಟ್ಟಿದರು. “ನೀನು ಹೋಗಿ ಕೆಲ್ಸ ನೋಡ್ಕೊಳಪ್ಪಾ. ನಿನ್ನ ಮೇಲೆ ಅನುಮಾನ ಪಟ್ಟಿದ್ದು ನಂದೇ ತಪ್ಪು. ಅಕ್ಷತ, ನಾಳೆಯಿಂದ ನೀನು ಬರೋದು ಬೇಡ, ಸಂಜೆ ಲ್ಯಾಬಿನ ಬೀಗದ ಕೈ ಬೈರಣ್ಣಂಗೇ ಕೊಟ್ಟು ಹೋಗಮ್ಮ.”